ಕಲಬುರಗಿಯಿಂದ ದುಬೈಗೆ ಒಂದು ಮುಖ್ತ್ಯಾರ್ ಪತ್ರ: ಮೊದಲ ಸಹಿಯಿಂದ ಕೊನೆಯ ಮೊಹರಿನವರೆಗೆ

ನನ್ನ ಅಕ್ಕನ ಗಂಡ ದುಬೈನಲ್ಲಿ 11 ವರ್ಷ ಟ್ರೇಲರ್ ಓಡಿಸಿದವರು. ರಜೆಗೆಂದು ಆಳಂದ ತಾಲ್ಲೂಕಿನ ತಮ್ಮ ಊರಿಗೆ ಬಂದಾಗ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಮತ್ತೆ ವಿಮಾನ ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಅಲ್ಲಿ ಕಂಪನಿಯಿಂದ ಬರಬೇಕಾದ ಗ್ರಾಚ್ಯುಟಿ, ಬ್ಯಾಂಕಿನಲ್ಲಿದ್ದ ಉಳಿತಾಯ, ಒಂದು ಹಳೆಯ ಕಾರು ಎಲ್ಲವೂ ಹಾಗೇ ಉಳಿದವು. ಅವರ ಜೊತೆ ಕೋಣೆಯಲ್ಲಿದ್ದ ನಮ್ಮ ಕಡೆಯ ಹುಡುಗ ಫೋನಿನಲ್ಲಿ, "ಅಕ್ಕಾರ, ಒಂದು ಪವರ್ ಆಫ್ ಅಟಾರ್ನಿ ಮಾಡಿ ಕಳಿಸ್ರಿ, ಉಳಿದಿದ್ದೆಲ್ಲಾ ನಾ ನೋಡ್ಕೋತೀನಿ" ಅಂದ. ಪವರ್ ಆಫ್ ಅಟಾರ್ನಿ ಅಂದರೆ ಮುಖ್ತ್ಯಾರ್ ಪತ್ರ, ನಮ್ಮ ಪರವಾಗಿ ಕೆಲಸ ಮಾಡುವ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವ ಕಾಗದ.

ನಾವು ಮರುದಿನವೇ ಕಲಬುರಗಿಗೆ ಬಂದು, ಕೋರ್ಟಿನ ಎದುರು ಟೈಪ್ ಮಾಡಿಸಿ, ನೋಟರಿ ಮೊಹರು ಹಾಕಿಸಿ, ಕೊರಿಯರ್ ಮಾಡಿದೆವು. ಮೂರು ವಾರಕ್ಕೆ ಅದು ಹಾಗೇ ವಾಪಸ್ ಬಂತು. ದುಬೈ ಬ್ಯಾಂಕಿನವರು ಕೇಳಿದ್ದು ಒಂದೇ ಪ್ರಶ್ನೆ: ಕಲಬುರಗಿಯ ಈ ನೋಟರಿ ಯಾರು, ಈ ಮೊಹರು ನಿಜವೆಂದು ನಮಗೆ ಹೇಳುವವರು ಯಾರು?

ಮುಂದೆ ಬರುವ ಅಷ್ಟೂ ಓಡಾಟ ಈ ಒಂದು ಪ್ರಶ್ನೆಗೆ ಉತ್ತರ. ನೋಟರಿಯ ಸಹಿ ನಿಜವೆಂದು ರಾಜ್ಯ ಸರ್ಕಾರ ಹೇಳುತ್ತದೆ. ರಾಜ್ಯದ ಅಧಿಕಾರಿಯ ಸಹಿ ನಿಜವೆಂದು ಕೇಂದ್ರದ ವಿದೇಶಾಂಗ ಸಚಿವಾಲಯ ಹೇಳುತ್ತದೆ. ಕೆಲವು ದೇಶಗಳಿಗೆ ಅಷ್ಟೇ ಸಾಕು. ಇನ್ನು ಕೆಲವಕ್ಕೆ ಸಚಿವಾಲಯದ ಮೊಹರು ನಿಜವೆಂದು ಆ ದೇಶದ ರಾಯಭಾರ ಕಚೇರಿಯೂ ಹೇಳಬೇಕು. ಪ್ರತಿಯೊಬ್ಬರೂ ನೋಡುವುದು ತಮ್ಮ ಹಿಂದಿನವರ ಸಹಿಯನ್ನು ಮಾತ್ರ. ಒಳಗೆ ಬರೆದಿದ್ದು ಸರಿಯೋ ತಪ್ಪೋ ಎಂದು ಯಾರೂ ಓದುವುದಿಲ್ಲ. ಅದಕ್ಕೇ ಹೇಳುತ್ತೇನೆ, ಈ ಕೆಲಸದ ಮುಕ್ಕಾಲು ಪಾಲು ಕಲಬುರಗಿಯಲ್ಲೇ ಮುಗಿಯಬೇಕು. ಇಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಬೆಂಗಳೂರು, ದಿಲ್ಲಿ ಎಲ್ಲ ಕಡೆ ಸಲೀಸಾಗಿ ಮೊಹರು ಹಾಕಿಸಿಕೊಂಡು ಹೋಗಿ ಕೊನೆಯ ಕೌಂಟರಿನಲ್ಲಿ ನಿಲ್ಲುತ್ತದೆ.

ಬಾಂಡ್ ಕೊಳ್ಳುವ ಮೊದಲು

ಮೊದಲು ತಿಳಿಯಬೇಕಾದದ್ದು ಪತ್ರ ಹೋಗುವ ದೇಶ ಯಾವುದು, ಅದನ್ನು ಕೈಗೆ ತೆಗೆದುಕೊಳ್ಳುವ ಕಚೇರಿ ಯಾವುದು ಎಂಬುದು.

1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಂದು ಒಪ್ಪಂದದ ಪ್ರಕಾರ, ಅದಕ್ಕೆ ಸೇರಿದ ದೇಶಗಳು ಪರಸ್ಪರರ ದಾಖಲೆಗಳನ್ನು ಒಂದೇ ಒಂದು ಪ್ರಮಾಣಪತ್ರದ ಮೇಲೆ ಒಪ್ಪಿಕೊಳ್ಳುತ್ತವೆ. ಆ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಎಂದು ಹೆಸರು. ಭಾರತದ ಮಟ್ಟಿಗೆ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳು ಇದರಲ್ಲಿವೆ, ಕೆನಡಾದಲ್ಲಿ 2024ರ ಜನವರಿಯಿಂದ ಜಾರಿಗೆ ಬಂದಿದೆ. ನಮ್ಮ ಭಾಗದವರು ಹೆಚ್ಚು ದುಡಿಯುವ ಕೊಲ್ಲಿ ದೇಶಗಳಲ್ಲಿ ಒಮಾನ್ 2012ರಲ್ಲಿ, ಬಹ್ರೇನ್ 2013ರ ಕೊನೆಗೆ, ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಂದು ಈ ವ್ಯವಸ್ಥೆಗೆ ಬಂದವು. ದುಬೈ, ಅಬುಧಾಬಿ, ಶಾರ್ಜಾ ಸೇರಿದ ಯುಎಇ, ಹಾಗೆಯೇ ಕುವೈತ್ ಮತ್ತು ಕತಾರ್ ಇದರ ಹೊರಗಿವೆ. ಅಲ್ಲಿಗೆ ರಾಯಭಾರ ಕಚೇರಿಯ ಮೊಹರೂ ಬೇಕು. ಪಟ್ಟಿಗೆ ಹೊಸ ದೇಶಗಳು ಸೇರುತ್ತಲೇ ಇರುವುದರಿಂದ ಹೊರಡುವ ಮೊದಲು ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ (HCCH) ಎಂಬ ಸಂಸ್ಥೆಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಸೌದಿಯ ಬಗ್ಗೆ ಒತ್ತಿ ಹೇಳಬೇಕು. ಅಲ್ಲಿಗೆ ರಾಯಭಾರ ಕಚೇರಿಯ ಮೊಹರು ಬೇಕಿದ್ದದ್ದು ಹಳೆಯ ಪದ್ಧತಿ. ಈಗಲೂ ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ, ಅಪೋಸ್ಟಿಲ್ ಸಾಲದೇಕೆ ಎಂದು ಕೇಳಿ.

ಎರಡನೆಯದು, ಪತ್ರ ಪಡೆಯುವ ಬ್ಯಾಂಕು ಅಥವಾ ಕಂಪನಿಗೆ ತನ್ನದೇ ನಮೂನೆ ಇದೆಯೇ ಎಂದು ಅಲ್ಲಿರುವವರ ಕೈಲಿ ವಿಚಾರಿಸಿ. ನಮೂನೆ ಕೊಟ್ಟರೆ ಅದರಂತೆಯೇ ಬರೆಸಿ. ಕೊಡದಿದ್ದರೆ ನಿಮ್ಮ ಕರಡನ್ನು ಸಹಿ ಇಲ್ಲದೆ ವಾಟ್ಸಾಪಿನಲ್ಲಿ ಕಳುಹಿಸಿ, ಅಲ್ಲಿನ ಅಧಿಕಾರಿಗೆ ತೋರಿಸಿ, "ಇದು ನಡೆಯುತ್ತದೆ" ಎನ್ನಿಸಿಕೊಳ್ಳಿ. ಈ ಒಂದು ದಿನದ ಕೆಲಸ ಬಿಟ್ಟದ್ದಕ್ಕೆ ನಾವು ಎರಡನೇ ಸಲವೂ ಪತ್ರ ತಿದ್ದಿಸಬೇಕಾಯಿತು.

ಅಮೆರಿಕಕ್ಕೆ ಇನ್ನೊಂದು ದಾರಿಯೂ ಇದೆ. ಚೆನ್ನೈ ಅಥವಾ ಹೈದರಾಬಾದಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಮುಂಚಿತವಾಗಿ ಸಮಯ ಪಡೆದು ಅಲ್ಲಿನ ಅಧಿಕಾರಿಯ ಮುಂದೆಯೇ ಸಹಿ ಮಾಡಬಹುದು. ಒಂದು ಮೊಹರಿಗೆ 50 ಡಾಲರ್. ಆಗ ಉಳಿದ ಯಾವ ಮೆಟ್ಟಿಲೂ ಬೇಕಿಲ್ಲ.

ಕರಡು: ಇಲ್ಲಿ ಆತುರ ಬೇಡ

ಭಾಷೆ ಇಂಗ್ಲಿಷ್ ಇರಲಿ. ಅರಬ್ಬಿ ಅನುವಾದವನ್ನು ಇಲ್ಲಿ ಮಾಡಿಸಬೇಡಿ. ಎಲ್ಲ ಮೊಹರು ಬಿದ್ದ ಮೇಲೆ, ಆ ಮೊಹರುಗಳ ಸಮೇತ, ಅಲ್ಲಿನ ಪರವಾನಗಿ ಪಡೆದ ಅನುವಾದಕರಿಂದ ಆಗಬೇಕಾದ ಕೆಲಸ ಅದು.

ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಒಬ್ಬರಿಗೆ ಮೂರು ಕಾಗದದಲ್ಲಿ ಮೂರು ಹೆಸರು. ಆಧಾರಿನಲ್ಲಿ ತಂದೆಯ ಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಊರ ಹೆಸರೇ ಅಡ್ಡಹೆಸರು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಹೊರದೇಶದವರಿಗೆ ಗೊತ್ತಿರುವುದು ಪಾಸ್‌ಪೋರ್ಟ್ ಒಂದೇ. ಆದ್ದರಿಂದ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಒಂದು ಅಕ್ಷರವೂ ಆಚೀಚೆ ಆಗಬಾರದು. ಅದರ ಪಕ್ಕದಲ್ಲೇ ಪಾಸ್‌ಪೋರ್ಟ್ ಸಂಖ್ಯೆ. ಆಧಾರಿನಲ್ಲಿ ಬೇರೆ ಇದ್ದರೆ "ಆಧಾರಿನಲ್ಲಿ ಹೀಗೆ ಬರೆಯಲಾಗಿರುವ ವ್ಯಕ್ತಿಯೂ ನಾನೇ" ಎಂಬ ಒಂದು ಸಾಲು ಸೇರಿಸಿ. ಅಕ್ಕನ ಗಂಡನ ಹೆಸರಿನ 'ಶರಣಪ್ಪ'ದಲ್ಲಿ ಟೈಪಿಸ್ಟ್ ಒಂದು 'ಎ' ಹೆಚ್ಚು ಹೊಡೆದಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ, ದುಬೈ ಬ್ಯಾಂಕಿನವರ ಕಣ್ಣಿಗೆ ಬಿತ್ತು.

ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರವರೆಗೆ ಅಧಿಕೃತವಾಗಿ ನಮ್ಮದು ಗುಲ್ಬರ್ಗಾ. ಹಳೆಯ ಪಾಸ್‌ಪೋರ್ಟು, ಹಳೆಯ ಕಾಂಟ್ರಾಕ್ಟುಗಳಲ್ಲಿ ಅದೇ ಇರುತ್ತದೆ. ನೋಟರಿಯ ಮೊಹರಿನಲ್ಲಿ ಕಲಬುರಗಿ ಎಂದಿರುತ್ತದೆ. ಹೊರಗಿನವರಿಗೆ ಇವು ಎರಡು ಊರು. ವಿಳಾಸದಲ್ಲಿ "ಕಲಬುರಗಿ, ಹಿಂದಿನ ಹೆಸರು ಗುಲ್ಬರ್ಗಾ" ಎಂದು ಒಂದು ಸಲ ಬರೆದುಬಿಟ್ಟರೆ ತಕರಾರಿಲ್ಲ.

ಅಧಿಕಾರ ಪಡೆಯುವವರ ವಿವರವೂ ಅಷ್ಟೇ ಖಚಿತವಾಗಿರಲಿ: ಪಾಸ್‌ಪೋರ್ಟಿನ ಹೆಸರು, ಅದರ ಸಂಖ್ಯೆ, ಆ ದೇಶದ ನಿವಾಸ ಗುರುತಿನ ಚೀಟಿ (ಯುಎಇಯಲ್ಲಿ ಎಮಿರೇಟ್ಸ್ ಐಡಿ, ಸೌದಿಯಲ್ಲಿ ಇಖಾಮಾ) ಸಂಖ್ಯೆ.

ಈಗ ಮುಖ್ಯವಾದದ್ದು, ಯಾವ ಅಧಿಕಾರ ಕೊಡುತ್ತೀರಿ ಎಂಬುದು. ಇಲ್ಲಿನ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ನಮೂನೆ ನಮ್ಮ ಹೊಲ, ಪ್ಲಾಟುಗಳಿಗಾಗಿ ಹುಟ್ಟಿದ್ದು. "ನನ್ನ ಪರವಾಗಿ ಎಲ್ಲ ಕೆಲಸ ಮಾಡತಕ್ಕದ್ದು" ಎಂಬ ಒಂದು ಸಾಲಿನ ಮೇಲೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ಇಂಥ ಬ್ಯಾಂಕಿನ, ಇಂಥ ಶಾಖೆಯ, ಇಂಥ ಸಂಖ್ಯೆಯ ಖಾತೆ ಮುಚ್ಚುವುದು, ಅದರಲ್ಲಿನ ಹಣವನ್ನು ಭಾರತದ ಇಂಥ ಖಾತೆಗೆ ವರ್ಗಾಯಿಸುವುದು; ಇಂಥ ಕಂಪನಿಯಿಂದ ಸೇವಾಂತ್ಯದ ಬಾಕಿ ಪಡೆಯುವುದು, ರಸೀದಿಗೆ ಸಹಿ ಹಾಕುವುದು; ಇಂಥ ನಂಬರಿನ ಕಾರು ಮಾರುವುದು; ಅಗತ್ಯ ಬಿದ್ದರೆ ಕಾರ್ಮಿಕ ಇಲಾಖೆಯಲ್ಲಿ ದೂರು ಕೊಡುವುದು. ಹೀಗೆ ಒಂದೊಂದನ್ನೂ ಹೆಸರಿಟ್ಟು ಬರೆಯಬೇಕು. ಇದು ನಿಮ್ಮ ರಕ್ಷಣೆಗೂ ಒಳ್ಳೆಯದು. ಎಷ್ಟೇ ನಂಬಿಗಸ್ತ ಗೆಳೆಯನಾದರೂ "ಸಾಲ ತೆಗೆಯುವ, ಜಾಮೀನು ನಿಲ್ಲುವ ಅಧಿಕಾರ ಇಲ್ಲ" ಎಂದು ಸ್ಪಷ್ಟವಾಗಿ ಬರೆಸಿ. ಹಣ ಅಧಿಕಾರ ಪಡೆದವನ ಖಾತೆಗಲ್ಲ, ನೇರ ಮನೆಯವರ ಖಾತೆಗೇ ಹೋಗಬೇಕು ಎಂದೂ ಬರೆಸಿ. ಮುಕ್ತಾಯದ ದಿನಾಂಕ ಹಾಕಿ. ನಮ್ಮದಕ್ಕೆ ಒಂದು ವರ್ಷ ಇಟ್ಟಿದ್ದೆವು.

ಸಹಿ ಹಾಕುವವರಿಗೆ ಇಂಗ್ಲಿಷ್ ಬಾರದಿದ್ದರೆ, ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ತಿಳಿಸಿದ್ದೇವೆ, ಅವರು ಅರ್ಥ ಮಾಡಿಕೊಂಡು ಒಪ್ಪಿದ್ದಾರೆ ಎಂಬ ಸಾಲು ಕೊನೆಗೆ ಬೇಕು. ಮತ್ತು ನಿಜವಾಗಿ ಓದಿ ಹೇಳಿ. ಅಕ್ಕನ ಗಂಡನಿಗೆ ಓದಿ ಹೇಳುವಾಗಲೇ ಅವರು ತಡೆದು ತಡೆದು ಹೇಳಿದ್ದು, ತಮ್ಮದು ಇನ್ನೊಂದು ಬ್ಯಾಂಕಿನಲ್ಲೂ ಸಂಬಳದ ಖಾತೆ ಇದೆ ಎಂದು. ಯಾರಿಗೂ ಗೊತ್ತಿರಲಿಲ್ಲ.

ಸಹಿಯೇ ಬಾರದ ಸ್ಥಿತಿಯಲ್ಲಿದ್ದವರಿಗೆ ಹೆಬ್ಬೆಟ್ಟು ನಡೆಯುತ್ತದೆ. ಆದರೆ ಬ್ಯಾಂಕಿನಲ್ಲಿರುವ ಹಳೆಯ ಸಹಿಗೆ ಇದು ಹೊಂದುವುದಿಲ್ಲವಲ್ಲ. ಅದಕ್ಕೆ ಬಲಗೈ ಸ್ವಾಧೀನ ಇಲ್ಲದಿರುವುದು, ಬುದ್ಧಿ ಸ್ಥಿಮಿತದಲ್ಲಿರುವುದು ಎರಡನ್ನೂ ಹೇಳುವ ಸರ್ಕಾರಿ ವೈದ್ಯರ ಪತ್ರ ತೆಗೆದುಕೊಂಡು, ಮುಖ್ತ್ಯಾರ್ ಪತ್ರದಲ್ಲೇ ಅದನ್ನು ಉಲ್ಲೇಖಿಸಿ. ಹೆಬ್ಬೆಟ್ಟಿನ ಕೆಳಗೆ ಅದು ಯಾರದು, ಗುರುತಿಸಿದವರು ಯಾರು ಎಂದು ಬರೆಯಬೇಕು. ಇಬ್ಬರು ಸಾಕ್ಷಿಗಳು, ಅವರ ವಿಳಾಸ ಮತ್ತು ಗುರುತಿನ ಚೀಟಿ ಸಂಖ್ಯೆ ಸಹಿತ.

ಬಾಂಡ್ ಮತ್ತು ಕಾಗದ

ಬಾಂಡ್ ಅಂದರೆ ಇ-ಸ್ಟಾಂಪ್. ಅದು ಈಗ ಎಲ್ಲಿ ಸಿಗುತ್ತದೆ ಎಂದು ಮೊದಲು ವಿಚಾರಿಸಿ. ಹಳೆಯ ಲೆಕ್ಕದ "ನೂರರ ಬಾಂಡ್" ಎಂದು ಕೊಂಡುಬಿಡಬೇಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಮುದ್ರಾಂಕ ಶುಲ್ಕ ಹೆಚ್ಚಿಸಿದೆ. ನಿಮ್ಮ ಪತ್ರಕ್ಕೆ ಎಷ್ಟೆಂದು ಉಪನೋಂದಣಿ ಕಚೇರಿಯಲ್ಲೋ ನೋಟರಿಯ ಹತ್ತಿರವೋ ಕೇಳಿ. ಬಾಂಡಿನ ಮೊದಲ ಪಕ್ಷದ ಜಾಗದಲ್ಲಿ ಅಧಿಕಾರ ಕೊಡುವವರ ಹೆಸರು, ಎರಡನೇ ಪಕ್ಷದಲ್ಲಿ ಪಡೆಯುವವರ ಹೆಸರು. ಇವೂ ಪಾಸ್‌ಪೋರ್ಟಿನಂತೆಯೇ ಇರಬೇಕು.

ಎಲ್ಲ ಪುಟ ಒಂದೇ ಬದಿಗೆ ಪ್ರಿಂಟ್ ಮಾಡಿಸಿ, ಹಿಂಬದಿ ಖಾಲಿ ಬಿಡಿ. ಮುಂದೆ ಬರುವ ಮೊಹರುಗಳಿಗೆ, ಅಪೋಸ್ಟಿಲ್ ಚೀಟಿಗೆ ಆ ಜಾಗವೇ ಬೇಕು. ಲ್ಯಾಮಿನೇಷನ್ ಮಾತ್ರ ಎಂದಿಗೂ ಮಾಡಿಸಬೇಡಿ.

ಬ್ಯಾಂಕಿಗೊಂದು, ಕಂಪನಿಗೊಂದು ಮೂಲಪ್ರತಿ ಬೇಕಾಗುತ್ತದೆ ಎನಿಸಿದರೆ ಈಗಲೇ ಎರಡು ಬಾಂಡ್ ಕೊಂಡು ಎರಡು ಮೂಲಪ್ರತಿ ಮಾಡಿಸಿ. ಹಣ ಎರಡು ಪಟ್ಟು, ಓಡಾಟ ಒಂದೇ.

ನೋಟರಿಯ ಮುಂದೆ

ಸಹಿಯನ್ನು ಮನೆಯಲ್ಲಿ ಮಾಡಿಸಿ ಕಾಗದವನ್ನಷ್ಟೇ ಒಯ್ಯುವ ರೂಢಿ ನಮ್ಮಲ್ಲಿ ಬಹಳ. ಅದು ತಪ್ಪು. ಕಾನೂನು ಈ ಪತ್ರವನ್ನು ನಂಬುವುದೇ ಅದು ನೋಟರಿಯ ಮುಂದೆ ಬರೆದುಕೊಟ್ಟದ್ದು, ನೋಟರಿ ದೃಢೀಕರಿಸಿದ್ದು ಎಂಬ ಆಧಾರದ ಮೇಲೆ. ಹಾಸಿಗೆ ಹಿಡಿದವರಿದ್ದರೆ ನೋಟರಿಯನ್ನೇ ಮನೆಗೆ ಕರೆಸಬಹುದು, ಹೋಗಿಬರುವ ಖರ್ಚು ಕೊಡಬೇಕಾಗುತ್ತದೆ. ನಾವು ಎರಡನೇ ಸಲ ಹಾಗೇ ಮಾಡಿದೆವು. ಅವರು ಹಾಸಿಗೆಯ ಪಕ್ಕ ಕುಳಿತು, "ಯಾರಿಗೆ ಅಧಿಕಾರ ಕೊಡ್ಲಿಕ್ಹತ್ತೀರಿ, ಯಾಕ?" ಎಂದು ಅಕ್ಕನ ಗಂಡನ ಬಾಯಿಂದಲೇ ಕೇಳಿ, ಆಮೇಲೆ ರಿಜಿಸ್ಟರ್ ತೆಗೆದರು. ನೋಟರಿ ಹೀಗೆಯೇ ಇರಬೇಕು.

ನೋಟರಿ ಆರಿಸುವಾಗ ಮೂರು ಸಂಗತಿ ನೋಡಿ. ಅವರ ವೃತ್ತಿ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಅವಧಿ ಇದೆಯೇ ಎಂದು ಮರ್ಯಾದೆಯಿಂದಲೇ ಕೇಳಿ. ದುಂಡನೆಯ ಮೊಹರಿನಲ್ಲಿ ಅವರ ಹೆಸರು, ಕ್ಷೇತ್ರ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಓದುವ ಹಾಗೆ ಮೂಡಬೇಕು. ಮಸಿ ಹರಡಿದ್ದರೆ ಅಲ್ಲೇ ಇನ್ನೊಮ್ಮೆ ಹಾಕಿಸಿ. ಮೂರನೆಯದಾಗಿ, ಪತ್ರವನ್ನು ಅವರ ರಿಜಿಸ್ಟರಿನಲ್ಲಿ ದಾಖಲಿಸಿ, ಆ ಕ್ರಮಸಂಖ್ಯೆಯನ್ನು ಪತ್ರದ ಮೇಲೂ ಬರೆಯಬೇಕು. ಬೆಂಗಳೂರಿನಲ್ಲಿ ಅನುಮಾನ ಬಂದರೆ ಹುಡುಕುವುದು ಇದನ್ನೇ. ಪ್ರತಿ ಪುಟಕ್ಕೂ ಸಹಿ, ಪ್ರತಿ ಪುಟಕ್ಕೂ ಮೊಹರು.

ಬೀದರಿನವರಿಗೆ ಒಂದು ಮಾತು. ಹೈದರಾಬಾದ್ ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹಾಗೆಂದು ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿದರೆ ದಾಖಲೆ ತೆಲಂಗಾಣದ್ದಾಗುತ್ತದೆ. ಸ್ಟಾಂಪೂ ಅಲ್ಲಿನದು, ರಾಜ್ಯದ ದೃಢೀಕರಣವೂ ಅಲ್ಲಿನ ಸರ್ಕಾರದ್ದೇ ಆಗಬೇಕು. ಕರ್ನಾಟಕದ ಬಾಂಡ್, ಹೈದರಾಬಾದಿನ ನೋಟರಿ ಎಂದು ಬೆರೆಸಿದರೆ ಎರಡೂ ಕಡೆ ಕೆಲಸ ಆಗುವುದಿಲ್ಲ.

ಬೆಂಗಳೂರಿನ ಎರಡು ಮೆಟ್ಟಿಲು

ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ವಾರದ ನಡುವೆ ತಲುಪುವಂತೆ ಹೊರಡಿ. ಶುಕ್ರವಾರ ತಲುಪಿ ಒಂದು ಕಾಗದ ಕಡಿಮೆ ಬಿದ್ದರೆ ಎರಡು ದಿನ ಲಾಡ್ಜಿನ ಖರ್ಚು.

ಮೊದಲನೆಯದು ರಾಜ್ಯ ಸರ್ಕಾರದ ದೃಢೀಕರಣ. ಓದಿನ ದಾಖಲೆಗಳಿಗೆ ಶಿಕ್ಷಣ ಇಲಾಖೆ, ವ್ಯಾಪಾರದ ದಾಖಲೆಗಳಿಗೆ ವಾಣಿಜ್ಯ ಮಂಡಳಿ, ನಮ್ಮಂಥ ಖಾಸಗಿ ದಾಖಲೆಗಳಿಗೆ ಒಳಾಡಳಿತ ಇಲಾಖೆ. ಜನ ಇದನ್ನೇ ಹೋಮ್ ಡಿಪಾರ್ಟ್‌ಮೆಂಟ್ ಅಟೆಸ್ಟೇಷನ್ ಅನ್ನುತ್ತಾರೆ. ಮೂಲಪ್ರತಿ, ಅದರ ಜೆರಾಕ್ಸ್, ಅಧಿಕಾರ ಕೊಟ್ಟವರ ಪಾಸ್‌ಪೋರ್ಟ್ ಪ್ರತಿ, ನೀವು ಬೇರೆಯವರ ಪರವಾಗಿ ಹೋಗಿದ್ದರೆ ಅವರ ಒಪ್ಪಿಗೆ ಪತ್ರ ಮತ್ತು ನಿಮ್ಮ ಗುರುತಿನ ಚೀಟಿ ಜೊತೆಗಿರಲಿ. ಮೊಹರು ಬಿದ್ದ ತಕ್ಷಣ ಅಧಿಕಾರಿಯ ಹೆಸರು, ಹುದ್ದೆ, ದಿನಾಂಕ ಮೂಡಿದೆಯೇ ನೋಡಿ. ಮುಂದಿನ ಕಚೇರಿ ನೋಡುವುದು ಈ ಸಹಿಯನ್ನೇ.

ಎರಡನೆಯದು ವಿದೇಶಾಂಗ ಸಚಿವಾಲಯ. ಮೊದಲೆಲ್ಲ ಇದಕ್ಕೆ ದಿಲ್ಲಿಗೇ ಹೋಗಬೇಕಿತ್ತು. 2019ರಿಂದ ಈ ಸೇವೆಯನ್ನು ಬೆಂಗಳೂರು, ಹೈದರಾಬಾದ್ ಸೇರಿ ಹಲವು ನಗರಗಳಿಗೆ ಹಂಚಿದ್ದಾರೆ. ಸಚಿವಾಲಯ ಜನರಿಂದ ನೇರವಾಗಿ ದಾಖಲೆ ತೆಗೆದುಕೊಳ್ಳುವುದಿಲ್ಲ, ತಾನು ನೇಮಿಸಿದ ಸಂಸ್ಥೆಗಳ ಮೂಲಕವೇ ಪಡೆಯುತ್ತದೆ. ಆ ಸಂಸ್ಥೆಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಪಟ್ಟಿಯಲ್ಲಿಲ್ಲದವರ ಕೈಗೆ ಮೂಲಪ್ರತಿ ಕೊಡಬೇಡಿ.

ಇಲ್ಲಿ ದೇಶದ ಹೆಸರು ಹೇಳಬೇಕಾಗುತ್ತದೆ. ಹೇಗ್ ಒಪ್ಪಂದದ ದೇಶವಾದರೆ ಅಪೋಸ್ಟಿಲ್, ಅದಕ್ಕೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಉಳಿದ ದೇಶಗಳಿಗೆ ಸಾಮಾನ್ಯ ದೃಢೀಕರಣ, ಅದಕ್ಕೆ ಸಚಿವಾಲಯದ ಶುಲ್ಕವೇ ಇಲ್ಲ. ಸಂಸ್ಥೆಯ ಸೇವಾ ಶುಲ್ಕ ಮತ್ತು ಸ್ಕ್ಯಾನಿಂಗ್ ಖರ್ಚು ಬೇರೆ, ಅದೂ ದೊಡ್ಡ ಮೊತ್ತವಲ್ಲ. ನಮ್ಮೂರಲ್ಲಿ ಒಬ್ಬ ಏಜೆಂಟ್ ಇದಕ್ಕೆ "ಸರ್ಕಾರಿ ಫೀಸೇ ಹತ್ತು ಸಾವಿರ" ಅಂದಿದ್ದ. ಏಜೆಂಟರಿಗೆ ಅವರ ಓಡಾಟದ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಸರ್ಕಾರಕ್ಕೆ ಎಷ್ಟು, ನಿಮಗೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ.

ಅಪೋಸ್ಟಿಲ್ ಎಂದರೆ ಕಾಗದದ ಹಿಂದೆ ಅಂಟಿಸುವ ಒಂದು ಚೀಟಿ. ಅದರ ಮೇಲಿನ ಸಂಖ್ಯೆಯನ್ನು ಜಗತ್ತಿನ ಯಾವ ಮೂಲೆಯಿಂದಲೂ ಆನ್‌ಲೈನಿನಲ್ಲಿ ಪರೀಕ್ಷಿಸಬಹುದು. ಚೀಟಿ ಕೈಗೆ ಬಂದ ದಿನವೇ ನೀವೂ ಪರೀಕ್ಷಿಸಿ, ಆ ಪುಟದ ಫೋಟೋ ತೆಗೆದಿಡಿ. ಅಪೋಸ್ಟಿಲ್‌ಗೆ ಅವಧಿ ಎಂಬುದಿಲ್ಲ, ಆದರೆ ನಿಮ್ಮ ಪತ್ರಕ್ಕೆ ನೀವೇ ಹಾಕಿದ ಮುಕ್ತಾಯದ ದಿನಾಂಕ ಇದ್ದೇ ಇದೆ. ಇನ್ನೊಂದು, ಈ ಹಂತದ ನಂತರ ಸ್ಟೇಪಲ್ ಪಿನ್ ಬಿಚ್ಚಬೇಡಿ. ಜೆರಾಕ್ಸ್ ಅಂಗಡಿಯ ಹುಡುಗ ಸಲೀಸಾಗಲೆಂದು ಪಿನ್ ಕಿತ್ತು ಮತ್ತೆ ಹೊಡೆದುಕೊಡುತ್ತಾನೆ. ಪುಟ ಬದಲಿಸಿದ್ದಾರೆ ಎಂದು ಅಲ್ಲಿನವರು ತಿರಸ್ಕರಿಸಲು ಅಷ್ಟು ಸಾಕು.

ಸೌದಿ, ಒಮಾನ್, ಬಹ್ರೇನ್, ಅಮೆರಿಕಗಳಿಗೆ ಕಳುಹಿಸುವವರ ಕೆಲಸ ಇಲ್ಲಿಗೆ ಮುಗಿಯಿತು.

ಯುಎಇ, ಕುವೈತ್, ಕತಾರಿಗೆ ಇನ್ನೂ ಉಳಿದದ್ದು

ಸಚಿವಾಲಯದ ಮೊಹರಿನ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ. ಇಡೀ ಸರಪಳಿಯಲ್ಲಿ ಹೆಚ್ಚು ಖರ್ಚಿನ ಭಾಗ ಇದು, ಶುಲ್ಕವನ್ನು ಆ ಕಚೇರಿಯ ಜಾಲತಾಣದಲ್ಲೇ ನೋಡಿ. ಇದಾದ ಮೇಲೆ ಪತ್ರ ಹೊರದೇಶಕ್ಕೆ ಹೋಗುತ್ತದೆ. ಯುಎಇಯಲ್ಲಿ ಅಲ್ಲಿನ ವಿದೇಶಾಂಗ ಇಲಾಖೆಯ ಮೊಹರು, ಆಮೇಲೆ ಅರಬ್ಬಿ ಅನುವಾದ. ಈ ಕೊನೆಯ ಎರಡನ್ನು ಅಧಿಕಾರ ಪಡೆದವರೇ ಅಲ್ಲಿ ಮಾಡಿಸಬೇಕು. ಇಷ್ಟೆಲ್ಲ ಮುಗಿಯುವ ತನಕ ಬ್ಯಾಂಕಿನ ಬಾಗಿಲಿಗೆ ಹೋಗಬೇಡ ಎಂದು ಆ ಹುಡುಗನಿಗೆ ಮೊದಲೇ ಹೇಳಿಡಿ.

ತೀರಿಹೋದವರ ಬಾಕಿ ಇದ್ದಾಗ

ಅಧಿಕಾರ ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಮುಖ್ತ್ಯಾರ್ ಪತ್ರವೂ ಸಾಯುತ್ತದೆ. ಗಂಡ ಬದುಕಿದ್ದಾಗ ಗೆಳೆಯನಿಗೆ ಕೊಟ್ಟ ಪತ್ರವನ್ನು ಹಿಡಿದು ಅವರ ನಂತರ ಹಣ ತೆಗೆಯಲು ಹೋಗುವುದು ಅಪರಾಧಕ್ಕೇ ದಾರಿ. ಆಗ ವಾರಸುದಾರರು, ಅಂದರೆ ಹೆಂಡತಿ, ಪ್ರಾಪ್ತ ವಯಸ್ಸಿನ ಮಕ್ಕಳು, ತಂದೆತಾಯಿ ಸೇರಿ ಹೊಸ ಪತ್ರ ಮಾಡಬೇಕು. ಅದರ ಜೊತೆ ವಾರಸುದಾರರು ಯಾರೆಂದು ತೋರಿಸುವ ದಾಖಲೆಯೂ ಇದೇ ಮೆಟ್ಟಿಲುಗಳನ್ನು ಹತ್ತಬೇಕು. ಚಿಕ್ಕ ಮಕ್ಕಳ ಪಾಲಿಗೆ ಕೋರ್ಟಿನ ಪಾಲಕತ್ವದ ಆದೇಶ ಕೇಳುವ ಸಾಧ್ಯತೆ ಇರುವುದರಿಂದ ವಕೀಲರನ್ನು ಮೊದಲೇ ಕಾಣಿ. ಕಂಪನಿ ಸ್ಪಂದಿಸದಿದ್ದರೆ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲಿನಲ್ಲಿ ದೂರು ದಾಖಲಿಸಿ, ಅದು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮುಂದೆ ಹೋಗುತ್ತದೆ.

ಅಲ್ಲಿಂದ ಇಲ್ಲಿಗೆ ಬರುವ ಪತ್ರ

ಹೊರದೇಶದಲ್ಲಿರುವ ಮಗ ಊರಿನ ಹೊಲದ ಕೆಲಸಕ್ಕೆ ತಂದೆಗೆ ಕಳುಹಿಸುವ ಪತ್ರದ ದಾರಿ ಬೇರೆ. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿದರೆ ಎಲ್ಲಕ್ಕಿಂತ ಸುಲಭ. ಕಾಗದ ಕರ್ನಾಟಕಕ್ಕೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಲುಪಿದ ದಿನಾಂಕಕ್ಕೆ ಪುರಾವೆಯಾಗಿ ಕೊರಿಯರ್ ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳಿ.

ನಮ್ಮ ಎರಡನೇ ಪತ್ರ ಎಲ್ಲ ಮೊಹರು ಹೊತ್ತು ದುಬೈ ತಲುಪಲು ಐದು ವಾರ ಹಿಡಿಯಿತು. ಗ್ರಾಚ್ಯುಟಿ ಅಕ್ಕನ ಖಾತೆಗೆ ಬಂತು, ಅಕ್ಕನ ಗಂಡ ಓದಿ ಹೇಳುವಾಗ ನೆನಪಿಸಿದ ಆ ಎರಡನೇ ಖಾತೆಯ ಹಣವೂ ಬಂತು. ರಜೆಗೆಂದು ಬರುವ, ಅದರಲ್ಲೂ ಕಾಯಮ್ಮಾಗಿ ವಾಪಸ್ ಬರುವ ಅಣ್ಣ ತಮ್ಮಂದಿರಿಗೆ ಈಗ ನಾನು ಹೇಳುವುದು ಇಷ್ಟು: ವಿಮಾನ ಹತ್ತುವ ಮೊದಲು ಅಲ್ಲಿನ ನೋಟರಿಯ ಮುಂದೆಯೇ ಒಂದು ಸೀಮಿತ ಮುಖ್ತ್ಯಾರ್ ಪತ್ರ ಮಾಡಿಟ್ಟು ಬನ್ನಿ. ಆ ದೇಶದ ನೋಟರಿ ಮಾಡಿದ ಪತ್ರ ಆ ದೇಶದಲ್ಲೇ ಬಳಸಲು ಮೇಲೆ ಹೇಳಿದ ಒಂದು ಮೊಹರೂ ಬೇಕಾಗುವುದಿಲ್ಲ.